ಸನ್ ಬಕ್ಸ್ ಯಾರ ಮಕ್ಕಳಿಗೆ ಬರುತ್ತೆ, ಯಾರಿಗೆ ಬರಲ್ಲ: ಫಾರ್ಮ್ ನೋಡೋ ಟೇಬಲ್ಲಿಂದ ನನ್ನ ಅನುಭವ

ನಾನು ನಾರ್ತ್ ಕೆರೊಲಿನಾದಲ್ಲಿ, ಶಾರ್ಲಟ್ ಸುತ್ತಮುತ್ತಲಿನ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನ ನ್ಯೂಟ್ರಿಷನ್ ಆಫೀಸಲ್ಲಿ ಕೆಲ್ಸ ಮಾಡ್ತೀನಿ. ಮೊದ್ಲು ಸ್ಕೂಲ್ ಕೆಫೆಟೇರಿಯಾದಲ್ಲಿ ಮಕ್ಕಳಿಗೆ ಊಟ ಬಡಿಸ್ತಿದ್ದೆ, ಎಚ್4 ಇಎಡಿ (ಗಂಡನ ವೀಸಾ ಮೇಲೆ ಬಂದೋರಿಗೆ ಕೊಡೋ ಕೆಲ್ಸದ ಪರ್ಮಿಟ್) ಬಂದ ಮೇಲೆ ಸಿಕ್ಕ ಮೊದಲ ಕೆಲ್ಸ ಅದು, ಆಮೇಲೆ ಆಫೀಸಿಗೆ ಹಾಕಿದ್ರು. ಈಗ ಅಪ್ಪ ಅಮ್ಮ ತುಂಬಿ ಕಳ್ಸೋ ಊಟದ ಫಾರ್ಮ್ ನೋಡಿ ಈ ಮನೆ ಮಕ್ಕಳು ಫ್ರೀನಾ, ರೆಡ್ಯೂಸ್ಡಾ (ಕಮ್ಮಿ ದುಡ್ಡಿಗಾ), ಪೂರ್ತಿ ದುಡ್ಡು ಕೊಡ್ಬೇಕಾ ಅಂತ ಗುರುತು ಹಾಕೋದು ನನ್ನ ಕೆಲ್ಸ. 2024ರಿಂದ ಅದಕ್ಕೆ ಸನ್ ಬಕ್ಸ್ ಅಂತ, ಬೇಸಿಗೆ ರಜೇಲಿ ಮಕ್ಕಳ ಊಟಕ್ಕೆ ಸರ್ಕಾರ ಕೊಡೋ ದುಡ್ಡು, ಇನ್ನೊಂದು ಸೇರ್ಕೊಂಡಿದೆ. ಮೇ ತಿಂಗಳು ಬಂತು ಅಂದ್ರೆ ನಮ್ಮೋರ ಫೋನು ಮೆಸೇಜು ಶುರು, "ಅಕ್ಕ ನಮ್ಗೆ ಬರುತ್ತಾ" ಅಂತ. ಒಬ್ಬೊಬ್ರಿಗೂ ಅದೇ ಕತೆ ಹೇಳಿ ಸಾಕಾಗಿದೆ, ಒಂದ್ಸಲ ಕೂತು ಬರ್ದುಬಿಡೋಣ ಅನ್ನಿಸ್ತು.

ಗೊತ್ತಿಲ್ದೋರಿಗೆ ಎರಡು ಮಾತು. ಸ್ಕೂಲ್ ಇದ್ದಾಗ ಮಕ್ಕಳ ಮಧ್ಯಾಹ್ನದ ಊಟ ಅಲ್ಲೇ ಆಗೋಗುತ್ತೆ, ಜೂನಲ್ಲಿ ಬಾಗಿಲು ಹಾಕಿದ್ರೆ ಆಗಸ್ಟ್ ಕೊನೆವರೆಗೂ ಆ ಖರ್ಚು ಮನೆ ಮೇಲೆ ಬೀಳುತ್ತೆ. ಅದಕ್ಕೆ ತಿಂಗಳಿಗೆ 40 ಡಾಲರ್ ಲೆಕ್ಕದಲ್ಲಿ ಮೂರು ತಿಂಗಳದ್ದು ಒಂದು ಮಗುವಿಗೆ 120 ಡಾಲರ್, ದಿನಸಿ ತಗೊಳಕ್ಕೆ ಅಂತ ಇಬಿಟಿ ಕಾರ್ಡಿಗೆ (ಸರ್ಕಾರದ ಸಹಾಯದ ದುಡ್ಡು ಬರೋ, ಡೆಬಿಟ್ ಕಾರ್ಡ್ ಥರದ್ದು) ಹಾಕ್ತಾರೆ. ಕೋವಿಡ್ ಕಾಲದಲ್ಲಿ ಸ್ಕೂಲ್ ಊಟ ತಪ್ಪಿದ ಮಕ್ಕಳಿಗೆ ಪಿ-ಇಬಿಟಿ ಅಂತ ದುಡ್ಡು ಬಂದಿತ್ತಲ್ಲ, ಅದು ತಾತ್ಕಾಲಿಕ. ಇದನ್ನ ಮಾತ್ರ 2022ರ ಡಿಸೆಂಬರಲ್ಲಿ ಪಾಸಾದ ಬಜೆಟ್ ಕಾನೂನಲ್ಲೇ ಸೇರ್ಸಿ ಪರ್ಮನೆಂಟ್ ಮಾಡಿದ್ರು, 2024ರ ಬೇಸಿಗೆ ಮೊದಲನೇದು.

ಈಗ ಯಾರಿಗೆ ಅನ್ನೋದು. ಮನೆಯಲ್ಲಿ ಸ್ನ್ಯಾಪ್ (ಕಮ್ಮಿ ಆದಾಯದೋರಿಗೆ ದಿನಸಿಗೆ ಕೊಡೋ ಸಹಾಯ, ಫುಡ್ ಸ್ಟ್ಯಾಂಪ್) ಬರ್ತಿದ್ರೆ ಅಥವಾ ಟ್ಯಾನ್ಫ್ (ಬಡ ಕುಟುಂಬಗಳಿಗೆ ಕೊಡೋ ನಗದು ಸಹಾಯ) ಬರ್ತಿದ್ರೆ ಸ್ಕೂಲ್ ವಯಸ್ಸಿನ ಮಗುವಿಗೆ ತಾನಾಗೇ ಬರುತ್ತೆ, ಏನೂ ಮಾಡ್ಬೇಕಾಗಿಲ್ಲ. ಫಾಸ್ಟರ್ ಮಕ್ಕಳು (ಸರ್ಕಾರ ಬೇರೆಯೋರ ಮನೇಲಿ ಇಟ್ಟು ಸಾಕಿಸೋ ಮಕ್ಕಳು), ಮನೆ ಇಲ್ದೆ ಇರೋ ಮಕ್ಕಳು, ಹೊಲದ ಕೆಲಸಕ್ಕೆ ಊರೂರು ಹೋಗೋ ಕುಟುಂಬದ ಮಕ್ಕಳು, ಇವರಿಗೂ ತಾನಾಗೇ. ಕೆಲವು ರಾಜ್ಯಗಳಲ್ಲಿ ಮೆಡಿಕೇಡ್ (ಕಮ್ಮಿ ಆದಾಯದೋರ ಸರ್ಕಾರಿ ಆರೋಗ್ಯ ವಿಮೆ) ಲಿಸ್ಟಿಂದಲೂ ಹೆಸರು ತಗೋತಾರೆ. ಇದ್ಯಾವುದೂ ಇಲ್ದೋರಿಗೆ ಉಳಿಯೋದು ಒಂದೇ ದಾರಿ, ಫಾರ್ಮ್. ಆ ವರ್ಷ ಸ್ಕೂಲಿಗೆ ಊಟದ ಫಾರ್ಮ್ ಕೊಟ್ಟು ಫ್ರೀ ಅಥವಾ ರೆಡ್ಯೂಸ್ಡ್ ಅಂತ ಅಪ್ರೂವ್ ಆಗಿದ್ರೆ ಬೇಸಿಗೆಗೆ ಮತ್ತೆ ಅಪ್ಲೈ ಮಾಡೋದು ಬೇಡ. ರೆಡ್ಯೂಸ್ಡ್ ಆದ್ರೂ ಪೂರ್ತಿ 120, ಅರ್ಧ ಅಲ್ಲ, ಇದನ್ನ ಒತ್ತಿ ಹೇಳ್ತೀನಿ ಯಾಕಂದ್ರೆ "ನಮ್ದು ಫ್ರೀ ಅಲ್ವಲ್ಲ, ಬರೀ ರೆಡ್ಯೂಸ್ಡು" ಅಂತ ಸುಮ್ನಾಗೋರು ಬಹಳ.

ನಮ್ಮೋರು ಮುಗ್ಗರಿಸೋದು ಮುಂದಿನ ಜಾಗದಲ್ಲಿ. ಸಿಇಪಿ ಸ್ಕೂಲ್ ಅಂತ ಇದಾವೆ, ಅಲ್ಲಿ ಬಡವ ಶ್ರೀಮಂತ ಅನ್ನದೆ ಎಲ್ಲಾ ಮಕ್ಕಳಿಗೂ ಬೆಳಿಗ್ಗೆ ಮಧ್ಯಾಹ್ನ ಊಟ ಫ್ರೀ, ಫಾರ್ಮೇ ಕೇಳಲ್ಲ. ಮೊದ್ಲು ಶೇಕಡಾ 40 ಮಕ್ಕಳು ಸ್ನ್ಯಾಪ್ ಥರದ ಲಿಸ್ಟಲ್ಲಿ ಇದ್ರೆ ಮಾತ್ರ ಸ್ಕೂಲು ಇದಕ್ಕೆ ಸೇರ್ಬಹುದಿತ್ತು, 2023ರ ಅಕ್ಟೋಬರಲ್ಲಿ ಅದನ್ನ 25ಕ್ಕೆ ಇಳ್ಸಿದ್ರು, ಹಾಗಾಗಿ ಇಂಥ ಸ್ಕೂಲ್‌ಗಳು ಜಾಸ್ತಿ ಆದ್ವು. ಒಳ್ಳೇದೇ, ಅನುಮಾನ ಇಲ್ಲ. ಆದ್ರೆ ಫಾರ್ಮ್ ಇಲ್ದೆ ಇದ್ರೆ ಆ ಮನೆ ಆದಾಯ ಎಷ್ಟು ಅಂತ ನಮ್ಗೆ ಹೇಗೆ ಗೊತ್ತಾಗ್ಬೇಕು? ಸನ್ ಬಕ್ಸಿಗೆ ಆದಾಯ ನೋಡ್ತಾರೆ. ಸ್ಕೂಲಲ್ಲಿ ಫ್ರೀ ಊಟ ತಿಂದ ಮಾತ್ರಕ್ಕೆ ಬೇಸಿಗೆ ಕಾರ್ಡ್ ಬರಲ್ಲ. ಸಿಇಪಿ ಸ್ಕೂಲಲ್ಲಿ ಓದ್ತಿರೋ ಮಗು, ಮನೇಲಿ ಸ್ನ್ಯಾಪ್ ಇಲ್ಲ, ಆದ್ರೆ ಆದಾಯ ಕಮ್ಮಿ, ಅಂಥೋರು ರಾಜ್ಯದ ಸನ್ ಬಕ್ಸ್ ಅರ್ಜಿನ ತಾವೇ ಹಾಕ್ಬೇಕು. ಈ ಒಂದು ವಿಷಯ ಗೊತ್ತಿಲ್ದೆ ಕೈತಪ್ಪಿದ ದುಡ್ಡೇ ಜಾಸ್ತಿ ಅಂತ ನನ್ನ ಅನಿಸಿಕೆ. ಪಿ-ಇಬಿಟಿ ಕಾಲದಲ್ಲಿ ಸಿಇಪಿ ಸ್ಕೂಲಿನ ಮಕ್ಕಳಿಗೆಲ್ಲ ಕೇಳ್ದೇನೇ ಕಾರ್ಡ್ ಬಂದಿತ್ತು ನೋಡಿ, ದೊಡ್ಡ ದೊಡ್ಡ ಸಂಬಳದೋರ ಮನೆಗೂ ಬಂದಿತ್ತು, ಅದಕ್ಕೇ ಜನ ಈಗಲೂ ಪೋಸ್ಟ್ ಡಬ್ಬಿ ನೋಡ್ಕೊಂಡು ಕಾಯ್ತಾ ಕೂರ್ತಾರೆ.

ಫಾರ್ಮ್ ತುಂಬೋ ವಿಷಯಕ್ಕೆ ಬರ್ತೀನಿ, ನನ್ನ ಊಟ ತಿಂಡಿ ಎಲ್ಲಾ ಅದರ ಮೇಲೇ ನಡಿಯೋದು. 2024-25ರ ಶಾಲಾ ವರ್ಷಕ್ಕೆ ನಾಲ್ಕು ಜನರ ಮನೆಗೆ ರೆಡ್ಯೂಸ್ಡ್ ಮಿತಿ ವರ್ಷಕ್ಕೆ 57,720 ಡಾಲರ್ ಇತ್ತು, ಮೂರು ಜನಕ್ಕೆ 47,767, ಐದು ಜನಕ್ಕೆ 67,673. ಬಡತನ ರೇಖೆಯ 185 ಪರ್ಸೆಂಟ್ ಅಂತ ಲೆಕ್ಕ, ಪ್ರತಿ ಜುಲೈಗೆ ಬದಲಾಗುತ್ತೆ, 2025-26ಕ್ಕೆ ನಾಲ್ಕು ಜನಕ್ಕೆ 59,478 ಆಯ್ತು. ಇದು ಟ್ಯಾಕ್ಸ್ ಹಿಡಿಯೋ ಮೊದಲಿನ ಸಂಬಳ, ಕೈಗೆ ಬರೋದಲ್ಲ. ಕಳೆದ ವರ್ಷದ ಟ್ಯಾಕ್ಸ್ ರಿಟರ್ನ್ ಕೂಡ ಅಲ್ಲ, ಈಗ ಬರ್ತಿರೋದು.

ಒಂದು ಉದಾಹರಣೆ ಹೇಳ್ತೀನಿ. ಇಂಡಿಯನ್ ರೆಸ್ಟೋರೆಂಟಲ್ಲಿ ಅಡುಗೆ ಮಾಡೋ ನಮ್ಮ ಕಡೆಯೋರೊಬ್ರು, ಗಂಡ ಹೆಂಡ್ತಿ ಎರಡು ಮಕ್ಕಳು, ಫಾರ್ಮಲ್ಲಿ ಸಂಬಳ 2,300 ಅಂತ ಬರೆದು ಎರಡು ವಾರಕ್ಕೊಮ್ಮೆ ಅನ್ನೋ ಡಬ್ಬಿಗೆ ಗುರುತು ಹಾಕಿದ್ರು. ಎರಡು ವಾರಕ್ಕೊಮ್ಮೆ ಅಂದ್ರೆ ವರ್ಷಕ್ಕೆ 26 ಸಲ, 59,800 ಆಗುತ್ತೆ, ಮಿತಿ ದಾಟ್ತು, ಇಲ್ಲ ಅಂತ ಲೆಟರ್ ಹೋಗುತ್ತೆ. ನಾನು ಫೋನ್ ಮಾಡ್ದೆ.

"ಅಣ್ಣ, ಸಂಬಳ ಯಾವತ್ತು ಕೊಡ್ತಾರೆ, ಶುಕ್ರವಾರ ಶುಕ್ರವಾರನಾ, ತಾರೀಖಿನ ಲೆಕ್ಕನಾ?"

"ಇಲ್ಲ ಮೇಡಂ, ಹದಿನೈದಕ್ಕೊಂದು, ತಿಂಗಳ ಕೊನೆಗೊಂದು."

ಹಾಗಿದ್ರೆ ವರ್ಷಕ್ಕೆ 24 ಸಲ, 55,200, ಮಿತಿ ಒಳಗೆ. ಫಾರ್ಮಲ್ಲಿ ಎರಡಕ್ಕೂ ಬೇರೆ ಬೇರೆ ಡಬ್ಬಿ ಇರುತ್ತೆ, ಪಕ್ಕ ಪಕ್ಕದಲ್ಲೇ. ಒಂದು ಟಿಕ್ ಮಾರ್ಕ್ ಆ ಕಡೆ ಹೋಗಿದ್ರೆ ಎರಡು ಮಕ್ಕಳ 240 ಡಾಲರ್ ಹೋಗ್ತಿತ್ತು, ಅದಕ್ಕಿಂತ ಹೆಚ್ಚಾಗಿ ವರ್ಷಪೂರ್ತಿ ಸ್ಕೂಲ್ ಊಟಕ್ಕೆ ಪೂರ್ತಿ ದುಡ್ಡು ಕೊಡ್ಬೇಕಿತ್ತು. ಅದಕ್ಕೇ ಹೇಳೋದು, ಪೇ ಸ್ಟಬ್ (ಸಂಬಳದ ಚೀಟಿ) ಪಕ್ಕದಲ್ಲಿ ಇಟ್ಕೊಂಡು ತುಂಬಿ, ನೆನಪಿಂದ ತುಂಬ್ಬೇಡಿ. ಫಾರ್ಮ್ ಜೊತೆ ಪುರಾವೆ ಕಳ್ಸೋದು ಬೇಡ, ಆದ್ರೆ ಒಂದಷ್ಟು ಫಾರ್ಮ್ ಆರ್ಸಿ ಆಮೇಲೆ ಪೇ ಸ್ಟಬ್ ಕೇಳ್ತೀವಿ, ಆಗ ಲೆಟರಿಗೆ ಉತ್ತರ ಕೊಡ್ದೆ ಇದ್ರೆ ಸಿಕ್ಕಿದ್ದೂ ಹೋಗುತ್ತೆ.

ಇನ್ನೊಂದು ಥರದೋರು ಇದ್ದಾರೆ, ಲೇಆಫ್ ಆದೋರು. ಐಟಿ ಸಂಬಳ, ಸಾಲದ ಮೇಲೆ ತಗೊಂಡ ಮನೆ, ಗರಾಜಲ್ಲಿ ಟೆಸ್ಲಾ, ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಲಾಕ್. ಹೆಂಡ್ತಿಗೆ ಕೆಲ್ಸ ಮಾಡೋ ಪರ್ಮಿಟ್ ಇಲ್ಲ. ಇವರಿಗೆ ತಾವು ಈ ಫಾರ್ಮ್ ತುಂಬ್ಬಹುದು ಅಂತ ಕನಸಲ್ಲೂ ಹೊಳಿಯಲ್ಲ. ಊಟದ ಫಾರ್ಮಲ್ಲಿ ಮನೆ ಕಾರು ಬ್ಯಾಂಕ್ ಬ್ಯಾಲೆನ್ಸ್ ಯಾವ್ದನ್ನೂ ಕೇಳಲ್ಲ, ಈಗಿನ ಆದಾಯ ಎಷ್ಟು ಅಂತ ಅಷ್ಟೇ. ಆದಾಯ ಸೊನ್ನೆ ಆಗಿದ್ರೆ ಸೊನ್ನೆ. ವರ್ಷದ ಮಧ್ಯದಲ್ಲಿ ಯಾವಾಗ ಬೇಕಾದ್ರೂ ಕೊಡ್ಬಹುದು, ಹತ್ತು ಶಾಲಾ ದಿನದೊಳಗೆ ನಾವು ಉತ್ತರ ಕೊಡ್ಬೇಕು ಅಂತ ನಿಯಮ. ಇನ್ನೂ ಒಂದು ವಿಷಯ, ಒಂದ್ಸಲ ಅಪ್ರೂವ್ ಆದ್ರೆ ಆ ಶಾಲಾ ವರ್ಷ ಪೂರ್ತಿ ನಡಿಯುತ್ತೆ, ಎರಡು ತಿಂಗಳಿಗೆ ಹೊಸ ಕೆಲ್ಸ ಸಿಕ್ಕಿದ್ರೂ ಬಂದು ತಿಳಿಸ್ಬೇಕು ಅಂತ ಇಲ್ಲ. ಇದು ಸರಿನಾ ಅಂತ ಕೇಳ್ತಾರೆ ಕೆಲವರು. ಕಾನೂನೇ ಹಾಗಿದೆ, ಮಗು ಊಟದ ಮಧ್ಯೆ ಎದ್ದು ಹೋಗೋ ಹಾಗೆ ಆಗ್ಬಾರ್ದು ಅಂತ ಮಾಡಿರೋದು, ಬೇಕಿದ್ರೆ ತಗೊಳಿ ಬೇಡ ಅಂದ್ರೆ ಬಿಡಿ, ಆದ್ರೆ ತಗೊಂಡೋರನ್ನ ಪಾರ್ಟಿಗಳಲ್ಲಿ ಆಡ್ಕೋಬೇಡಿ. (ಹೇಳ್ತಾ ಹೇಳ್ತಾ ನೆನಪಾಯ್ತು, ಸಂಘದ ಯುಗಾದಿ ಊಟದಲ್ಲಿ ನನ್ನ ಪಕ್ಕ ಕೂತು "ಅವರ ಮನೆಯೋರೂ ಫಾರ್ಮ್ ಕೊಟ್ಟಿದಾರಾ" ಅಂತ ಮೆಲ್ಲಗೆ ಕೇಳೋರೇ, ದಯವಿಟ್ಟು ಕೇಳ್ಬೇಡಿ, ಯಾರ ಮಗು ಯಾವ ಲಿಸ್ಟಲ್ಲಿದೆ ಅಂತ ಬಾಯಿ ಬಿಟ್ರೆ ನನ್ನ ಕೆಲ್ಸ ಹೋಗುತ್ತೆ.)

ಹೆಸರಿನ ಗೋಳು ಬೇರೆ. ತಾನಾಗೇ ಬರುತ್ತೆ ಅಂದ್ನಲ್ಲ, ಅದು ಕಂಪ್ಯೂಟರ್ ಎರಡು ಲಿಸ್ಟ್ ಪಕ್ಕ ಪಕ್ಕ ಇಟ್ಟು ಹೆಸರು, ಹುಟ್ಟಿದ ತಾರೀಖು ತಾಳೆ ನೋಡಿದ್ರೆ ಮಾತ್ರ. ನಮ್ಮ ಮಕ್ಕಳ ಹೆಸರು ಸ್ಕೂಲಲ್ಲಿ ಒಂದು ಥರ, ಕೌಂಟಿ ಆಫೀಸಲ್ಲಿ ಇನ್ನೊಂದು ಥರ. ಒಂದು ಕಡೆ ಇನಿಷಿಯಲ್ಲು, ಇನ್ನೊಂದು ಕಡೆ ಅದೇ ಇನಿಷಿಯಲ್ಲನ್ನ ಬಿಡಿಸಿ ಊರಿನ ಹೆಸರು, ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ರೆ ವೀಸಾದಲ್ಲಿ ಎಫ್ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕಿರ್ತಾರೆ, ಕ್ಲರ್ಕು ಅದನ್ನೇ ಮಗುವಿನ ಹೆಸರು ಅಂತ ಟೈಪ್ ಮಾಡಿರ್ತಾರೆ. ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ ಮಕ್ಕಳು. ಇಂಥ ಮನೆಯೋರಿಗೆ ನಾನು ಹೇಳೋದು, ಎಲ್ಲ ಕಡೆ ಪಾಸ್‌ಪೋರ್ಟಲ್ಲಿ ಅಥವಾ ಬರ್ತ್ ಸರ್ಟಿಫಿಕೇಟಲ್ಲಿ ಇರೋ ಹಾಗೇ ಒಂದೇ ಥರ ಹಾಕ್ಸಿ, ಮೇ ತಿಂಗಳಲ್ಲಿ ಸ್ಕೂಲಿಗೆ ಒಂದು ಫೋನ್ ಮಾಡಿ ನಮ್ಮ ಮಗು ಲಿಸ್ಟಲ್ಲಿ ಇದೆಯಾ, ಅಡ್ರೆಸ್ ಸರಿ ಇದೆಯಾ ಅಂತ ಕೇಳಿ. ನಮ್ಮೋರು ಲೀಸ್ ಮುಗೀತು ಅಂತ ಜೂನಲ್ಲೇ ಅಪಾರ್ಟ್‌ಮೆಂಟ್ ಬದ್ಲಾಯ್ಸೋದು ಜಾಸ್ತಿ, ಕಾರ್ಡ್ ಹಳೇ ಮನೆಗೆ ಹೋಗಿ ಕೂತಿರುತ್ತೆ.

ಚಾರ್ಟರ್ ಸ್ಕೂಲಿನ (ಸರ್ಕಾರದ ದುಡ್ಡಲ್ಲಿ ಸ್ವತಂತ್ರವಾಗಿ ನಡಿಯೋ ಸ್ಕೂಲು) ಅಪ್ಪ ಅಮ್ಮಂದಿರಿಗೆ ಬೇಜಾರಿನ ವಿಷಯ. ಫಾರ್ಮ್ ದಾರಿ ನಡಿಯೋದು ಮಗು ಓದೋ ಸ್ಕೂಲು ಸರ್ಕಾರದ ಊಟದ ಸ್ಕೀಮಲ್ಲಿ ಇದ್ರೆ ಮಾತ್ರ. ನಮ್ಮ ರಾಜ್ಯದಲ್ಲಿ ಎಷ್ಟೋ ಚಾರ್ಟರ್‌ಗಳು ಅದಕ್ಕೆ ಸೇರೇ ಇಲ್ಲ, ಮನೆಯಿಂದ ಡಬ್ಬಿ ತರ್ಬೇಕು. ಅಲ್ಲಿನ ಮಗುವಿಗೆ ಆದಾಯ ಎಷ್ಟು ಕಮ್ಮಿ ಇದ್ರೂ ಫಾರ್ಮಿಂದ ಬರಲ್ಲ, ಸ್ನ್ಯಾಪ್ ಥರದ ಲಿಸ್ಟಲ್ಲಿ ಹೆಸರಿದ್ರೆ ಮಾತ್ರ ಬರುತ್ತೆ. ಹೋಮ್‌ಸ್ಕೂಲ್ ಮಾಡೋರಿಗೂ ಅದೇ.

ಇನ್ನು ಗಡಿಯಾಚೆಯೋರ ಕತೆ. ಶಾರ್ಲಟ್ ಬಿಟ್ಟು ಸ್ವಲ್ಪ ದಕ್ಷಿಣಕ್ಕೆ ಹೋದ್ರೆ ಫೋರ್ಟ್ ಮಿಲ್, ಅದು ಸೌತ್ ಕೆರೊಲಿನಾ, ನಮ್ಮೋರು ಬೇಕಾದಷ್ಟು ಜನ ಅಲ್ಲಿದಾರೆ, ಕೆಲ್ಸ ಇಲ್ಲಿ, ಮನೆ ಅಲ್ಲಿ. 2024ರಲ್ಲಿ ಸೌತ್ ಕೆರೊಲಿನಾ ಸರ್ಕಾರ ಈ ಸ್ಕೀಮೇ ಬೇಡ ಅಂದ್ಬಿಡ್ತು. ಜಾರ್ಜಿಯಾ, ಫ್ಲಾರಿಡಾ, ಟೆಕ್ಸಾಸ್ ಕೂಡ ಆ ವರ್ಷ ಹಾಗೇ. ಮಕ್ಕಳಿಗೆ ಹೋಗೋ ದುಡ್ಡು ಪೂರ್ತಿ ಕೇಂದ್ರದ್ದು, ರಾಜ್ಯ ಹಾಕ್ಬೇಕಾಗಿದ್ದು ನಡೆಸೋ ಖರ್ಚಲ್ಲಿ ಅರ್ಧ ಅಷ್ಟೇ, ಆದ್ರೂ ಬೇಡ ಅಂದ್ರು. ಒಂದೇ ಆಫೀಸಲ್ಲಿ ಒಂದೇ ಸಂಬಳ ತಗೊಳೋ ಇಬ್ಬರು, ಒಬ್ಬರ ಮಗುವಿಗೆ ಬಂತು ಇನ್ನೊಬ್ಬರ ಮಗುವಿಗೆ ಇಲ್ಲ, ಮಧ್ಯೆ ಇರೋದು ಒಂದು ರಸ್ತೆ. ಅಲ್ಲಿಂದ ಫೋನ್ ಮಾಡೋರಿಗೆ ನಾನು ಹೇಳೋದು ಸನ್ ಮೀಲ್ಸ್ ಹುಡುಕಿ ಅಂತ. ಅದು ಬೇರೆ, ಲೈಬ್ರರಿ, ಪಾರ್ಕು, ಸ್ಕೂಲುಗಳಲ್ಲಿ ಬೇಸಿಗೆಯಲ್ಲಿ ಊಟ ಕೊಡೋ ಜಾಗಗಳು ಇರ್ತವೆ, ಎಲ್ಲರಿಗೂ ಓಪನ್ ಇರೋ ಜಾಗದಲ್ಲಿ 18 ವರ್ಷದವರೆಗಿನ ಯಾವ ಮಗು ಬಂದ್ರೂ ಫ್ರೀ, ಫಾರ್ಮೂ ಇಲ್ಲ, ಹೆಸರೂ ಕೇಳಲ್ಲ. ಊರಲ್ಲಿ ಬರ ಬಿದ್ದ ವರ್ಷ ಬೇಸಿಗೆ ರಜೇಲೂ ಬಿಸಿಯೂಟ ಹಾಕ್ತಾರಲ್ಲ, 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಹೆಚ್ಚು ಕಮ್ಮಿ ಆ ಥರ. ಅಲ್ಲಿ ಬರ ನೋಡ್ತಾರೆ, ಇಲ್ಲಿ ಆ ಏರಿಯಾದಲ್ಲಿ ಕಮ್ಮಿ ಆದಾಯದ ಮನೆಗಳು ಎಷ್ಟಿವೆ ಅಂತ ನೋಡ್ತಾರೆ.

ಎಲ್ಲರೂ ಕೊನೆಗೆ ಕೇಳೋದು ಒಂದೇ, ಗ್ರೀನ್ ಕಾರ್ಡಿಗೆ ತೊಂದ್ರೆ ಆಗುತ್ತಾ. ಸ್ಕೂಲ್ ಊಟದ ಫಾರ್ಮಲ್ಲಿ ವೀಸಾ ಯಾವ್ದು ಅಂತ ಕೇಳಲ್ಲ, ದೊಡ್ಡೋರೊಬ್ಬರ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೇ ನಾಲ್ಕು ಅಂಕಿ ಕೇಳ್ತಾರೆ, ಇಲ್ಲ ಅಂದ್ರೆ ಇಲ್ಲ ಅಂತ ಟಿಕ್ ಮಾಡೋಕೆ ಡಬ್ಬಿ ಇದೆ. 2022ರ ಡಿಸೆಂಬರಿಂದ ಜಾರಿಗೆ ಬಂದ ಪಬ್ಲಿಕ್ ಚಾರ್ಜ್ ನಿಯಮದಲ್ಲಿ (ಈ ಮನುಷ್ಯ ಸರ್ಕಾರಕ್ಕೆ ಹೊರೆ ಆಗ್ತಾನಾ ಅಂತ ಗ್ರೀನ್ ಕಾರ್ಡಿಗೆ ಮುಂಚೆ ನೋಡೋದು) ಊಟಕ್ಕೆ ಸಂಬಂಧಪಟ್ಟ ಸಹಾಯನ ಲೆಕ್ಕಕ್ಕೆ ತಗೊಂಡಿಲ್ಲ. ಆದ್ರೆ ವೀಸಾ ನಿಯಮ ಸರ್ಕಾರ ಬದಲಾದಂಗೆ ಬದಲಾಗುತ್ತೆ, ನಾನು ಊಟದ ಆಫೀಸಿನೋಳು, ನಿಮ್ಮ ಕೇಸ್ ಹಿಡಿದಿರೋ ಲಾಯರನ್ನ ಕೇಳ್ಕೊಂಡೇ ಮುಂದೆ ಹೋಗಿ. ವಾಟ್ಸಾಪ್ ಗ್ರೂಪಲ್ಲಿ ಯಾರೋ ಹೇಳಿದ್ರು ಅಂತ ಹೆದರ್ಕೊಂಡು ಬಿಡೋದೂ ಬೇಡ, ಧೈರ್ಯ ಮಾಡೋದೂ ಬೇಡ.

ಕಾರ್ಡ್ ಬಂದ ಮೇಲೆ ಹಿಂದಿರೋ ನಂಬರಿಗೆ ಫೋನ್ ಮಾಡಿ ಪಿನ್ ಹಾಕ್ಕೊಳಿ. ಅಕ್ಕಿ, ತೊಗರಿಬೇಳೆ, ರಾಗಿ ಹಿಟ್ಟು, ಹಾಲು, ತರಕಾರಿ ಎಲ್ಲಾ ಆಗುತ್ತೆ. ಸೋಪು, ವಿಟಮಿನ್ ಮಾತ್ರೆ, ಅಂಗಡೀಲಿ ಬಿಸಿಬಿಸಿ ಮಾಡಿ ಕೊಡೋ ಸಮೋಸ ಆಗಲ್ಲ. ಇಬಿಟಿ ತಗೊಳೋ ಇಂಡಿಯನ್ ಸ್ಟೋರ್‌ಗಳೂ ಇದಾವೆ, ಬಾಗಿಲ ಮೇಲೆ ಬರ್ದಿರುತ್ತೆ, ಇಲ್ಲಾಂದ್ರೆ ಬಿಲ್ ಹಾಕೋ ಮೊದ್ಲು ಕೇಳಿ. ದುಡ್ಡು ಬಂದು 122 ದಿನದೊಳಗೆ ಖರ್ಚಾಗ್ಬೇಕು, ಉಳಿದಿದ್ದು ವಾಪಸ್ ಹೋಗುತ್ತೆ, ಆಮೇಲೆ ಯಾರಿಗೆ ಫೋನ್ ಮಾಡಿದ್ರೂ ಬರಲ್ಲ. ಊಟದ ಫಾರ್ಮ್ ಪ್ರತಿ ವರ್ಷ ಹೊಸದಾಗಿ ಕೊಡ್ಬೇಕು, ಹಳೇದು ಹೊಸ ವರ್ಷದ ಮೊದಲ 30 ಶಾಲಾ ದಿನಕ್ಕೆ ಮಾತ್ರ ನಡಿಯುತ್ತೆ. ಹೊಸ ಫಾರ್ಮ್ ಜುಲೈ 1ರಿಂದ ತಗೋಬಹುದು, ಆಗಸ್ಟಲ್ಲಿ ಪುಸ್ತಕ ಬ್ಯಾಗ್ ತಗೊಳೋ ಗಡಿಬಿಡಿಗೆ ಮುಂಚೆನೇ ಕಳ್ಸಿದ್ರೆ ನನ್ನಂಥೋರಿಗೂ ಓದೋಕೆ ಟೈಮ್ ಇರುತ್ತೆ.