ಮನೆಯ ಫೋನ್ ಮಕ್ಕಳ ಕೈಗೆ ಹೋಗುವ ಮುನ್ನ

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮಗುವಿಗೆಂದು ಬೇರೆ ಫೋನ್ ಇರುವುದಿಲ್ಲ. ಅಪ್ಪನದೋ ಅಮ್ಮನದೋ ಫೋನೇ ಸಂಜೆ ಹೊತ್ತಿಗೆ ಮಕ್ಕಳ ಕೈಗೆ ಬರುತ್ತದೆ. ಆಷಾಢದ ಮಳೆಗೆ ಶಾಲೆಗೆ ರಜೆ ಕೊಟ್ಟಾಗ, ಸುಗ್ಗಿಯಲ್ಲಿ ದೊಡ್ಡವರೆಲ್ಲ ಅಡಿಕೆ ಸುಲಿಯಲು ಕೂತಾಗ ಗಂಟೆಗಟ್ಟಲೆ ಅವರ ಬಳಿಯೇ ಉಳಿಯುತ್ತದೆ. ಫೋನ್‌ಪೇ, ಬ್ಯಾಂಕಿನ ಮೆಸೇಜು, ಊರಿನ ಹತ್ತಾರು ವಾಟ್ಸ್ಆ್ಯಪ್ ಗ್ರೂಪು, ದೊಡ್ಡವರು ನೋಡಿದ ರೀಲ್ಸು ಎಲ್ಲವೂ ಅದರಲ್ಲೇ. ಹಾಗಾಗಿ ಮಕ್ಕಳ ಆನ್‌ಲೈನ್ ಸುರಕ್ಷತೆ ನಮ್ಮಲ್ಲಿ ಶುರುವಾಗಬೇಕಾದ್ದು ಮಗುವಿಗೆ ಬುದ್ಧಿ ಹೇಳುವುದರಿಂದಲ್ಲ, ದೊಡ್ಡವರ ಫೋನನ್ನು ಸರಿಮಾಡುವುದರಿಂದ.

ಇಲ್ಲಿ ಹೇಳಿರುವುದು 6ರಿಂದ 12 ವರ್ಷದ ಮಕ್ಕಳಿರುವ ಮನೆ ಮತ್ತು ಶಾಲೆಗಳಿಗೆ, ಆಂಡ್ರಾಯ್ಡ್ ಫೋನನ್ನು ಮನಸ್ಸಿನಲ್ಲಿಟ್ಟುಕೊಂಡು. ಮೆನುಗಳ ಹೆಸರು ಕಂಪನಿಯಿಂದ ಕಂಪನಿಗೆ ತುಸು ಬೇರೆಯಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ತುದಿಯಲ್ಲಿರುವ ಹುಡುಕುವ ಜಾಗದಲ್ಲಿ ಆ ಹೆಸರು ಬರೆಯಿರಿ. ಕೆಲಸಕ್ಕೆ ಕೂರುವಾಗ ನೆಟ್‌ವರ್ಕ್ ಚೆನ್ನಾಗಿ ಬರುವ ಕಡೆ ಕೂರಿ. ಅರ್ಧಕ್ಕೆ ನೆಟ್ ಹೋದರೆ ಎಷ್ಟೋ ಬದಲಾವಣೆ ಉಳಿಯುವುದಿಲ್ಲ.

ನೆಟ್ ಇಲ್ಲದೆಯೂ ಬರುವ ವಿಡಿಯೊ

ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಒಳಹಳ್ಳಿಗಳಲ್ಲಿ ಸಿಗ್ನಲ್ ಸಿಗುವುದೇ ಕಷ್ಟ, ಹಾಗಾಗಿ ನಮ್ಮ ಮಕ್ಕಳಿಗೆ ಅಪಾಯ ಕಡಿಮೆ ಎಂಬ ಮಾತಿದೆ. ಇದನ್ನು ನಂಬಬೇಡಿ. ನೆಟ್ ಕಡಿಮೆ ಇರುವ ಕಡೆ ವಿಡಿಯೊಗಳು ಮೆಮೊರಿ ಕಾರ್ಡ್, ಬ್ಲೂಟೂತ್, ಕ್ವಿಕ್ ಶೇರ್ ಮೂಲಕ ಫೋನಿನಿಂದ ಫೋನಿಗೆ ಹೋಗುತ್ತವೆ. ಮೆಮೊರಿ ಕಾರ್ಡಿನಲ್ಲಿರುವ ಫೈಲನ್ನು ಯೂಟ್ಯೂಬ್ ಕಿಡ್ಸ್ ಆಗಲಿ, ಹುಡುಕಾಟದಲ್ಲಿ ಅಶ್ಲೀಲವನ್ನು ಸೋಸುವ ಗೂಗಲ್‌ನ ಸೇಫ್‌ಸರ್ಚ್ ಆಗಲಿ ತಡೆಯಲಾರವು. ಅದಕ್ಕೇ ಮೊದಲ ಹೆಜ್ಜೆ ಇಲ್ಲಿಂದ.

ಫೈಲ್ಸ್ ಆ್ಯಪ್ ತೆರೆದು ವಿಡಿಯೊಸ್, ಇಮೇಜಸ್, ಡೌನ್‌ಲೋಡ್ಸ್ ಮೂರನ್ನೂ ಕೊನೆಯವರೆಗೆ ನೋಡಿ. ಮೆಮೊರಿ ಕಾರ್ಡ್ ಇದ್ದರೆ ಅದನ್ನೂ ಬೇರೆಯಾಗಿ ತೆರೆಯಿರಿ. ಸೆಕೆಂಡ್ ಹ್ಯಾಂಡ್ ಫೋನ್ ಕೊಂಡಿದ್ದರೆ, ಅಂಗಡಿಯಲ್ಲಿ ಹಾಡು, ಸಿನಿಮಾ ತುಂಬಿಸಿಕೊಂಡ ಕಾರ್ಡ್ ಹಾಕಿದ್ದರೆ ಇದನ್ನು ಖಂಡಿತ ಬಿಡಬೇಡಿ. ಮಕ್ಕಳು ನೋಡಬಾರದ್ದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಅಲ್ಲಿ ಉಳಿದ ಫೈಲು ಒಂದು ಒತ್ತಿಗೆ ವಾಪಸ್ ಬರುತ್ತದೆ. ದೊಡ್ಡವರಿಗೆ ಬೇಕಾದ ಕಾಗದಪತ್ರಗಳನ್ನು ಫೈಲ್ಸ್ ಆ್ಯಪ್‌ನ ಸೇಫ್ ಫೋಲ್ಡರ್‌ಗೆ ಹಾಕಿ ಪಿನ್ ಇಡಿ.

ಆಮೇಲೆ ವಾಟ್ಸ್ಆ್ಯಪ್. ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮೀಡಿಯಾ ಆಟೊ ಡೌನ್‌ಲೋಡ್‌ಗೆ ಹೋಗಿ ಎಲ್ಲ ಗುರುತು ತೆಗೆಯಿರಿ. ನಂತರ ಚಾಟ್ಸ್‌ನಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ. ಗ್ರೂಪಿಗೆ ಯಾರೋ ಹಾಕಿದ ಅಪಘಾತದ ವಿಡಿಯೊ, ಅಶ್ಲೀಲ ಚಿತ್ರ ತಾನಾಗಿ ಗ್ಯಾಲರಿಗೆ ಬಂದು ಕೂರುವುದು ಇದರಿಂದ ನಿಲ್ಲುತ್ತದೆ. ಹೊಸದಾಗಿ ಬರುವ ಫೈಲಿಗೆ ಮಾತ್ರ ಇದು ಅನ್ವಯ, ಹಳೆಯದನ್ನು ಕೈಯಾರೆ ಅಳಿಸಬೇಕು. ಪ್ರೈವೆಸಿಯೊಳಗೆ ಗ್ರೂಪ್ಸ್ ಎಂಬಲ್ಲಿ ಮೈ ಕಾಂಟ್ಯಾಕ್ಟ್ಸ್ ಆರಿಸಿ. ಕಾಲ್ಸ್‌ನಲ್ಲಿ ಗುರುತಿಲ್ಲದವರ ಕರೆ ಸದ್ದು ಮಾಡದಂತೆ ಇಡಿ. ಮಗುವಿನ ಕೈಯಲ್ಲಿ ಫೋನ್ ಇರುವಾಗ ಬರುವ ಅಪರಿಚಿತ ವಿಡಿಯೊ ಕಾಲನ್ನು ಎತ್ತುವುದು ಮಗುವೇ. ಅಂದಹಾಗೆ, ವಾಟ್ಸ್ಆ್ಯಪ್ ಖಾತೆಯನ್ನು ತಾವೇ ತೆರೆಯಲು ಕನಿಷ್ಠ ವಯಸ್ಸು 13. ನಾಲ್ಕನೇ ಕ್ಲಾಸಿನ ಮಗುವಿನ ಹೆಸರಲ್ಲಿ ದೊಡ್ಡವರ ವಯಸ್ಸು ಹಾಕಿ ಖಾತೆ ಮಾಡಿಕೊಡಬೇಡಿ. ಆ ಖಾತೆಗೆ ಮಗು ಎಂಬ ರಕ್ಷಣೆ ಯಾವುದೂ ಸಿಗುವುದಿಲ್ಲ.

ದುಡ್ಡಿನ ಬಾಗಿಲು

ಮಗುವಿನ ಬೆರಳಚ್ಚನ್ನು ಫೋನಿಗೆ ಸೇರಿಸಬೇಡಿ. ‘ಪದೇ ಪದೇ ಲಾಕ್ ತೆಗೆದುಕೊಡೋದು ಯಾರು’ ಎಂದು ಸೇರಿಸಿದ ಆ ಬೆರಳೇ ಹಣದ ಆ್ಯಪ್‌ಗಳ ಲಾಕನ್ನೂ ತೆರೆಯುತ್ತದೆ. ಈಗಾಗಲೇ ಸೇರಿಸಿದ್ದರೆ ಅಳಿಸಿ. ಗೆರೆ ಎಳೆಯುವ ಲಾಕ್ ಬೇಡ, ಗಾಜಿನ ಮೇಲೆ ಬೆರಳಿನ ಜಾಡು ಉಳಿಯುತ್ತದೆ, ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ. 6 ಅಂಕಿಯ ಪಿನ್ ಇಡಿ. ಯುಪಿಐ ಪಿನ್ ಬೇರೆಯೇ ಇರಲಿ.

ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ. ಅಲ್ಲೇ ಪೇರೆಂಟಲ್ ಕಂಟ್ರೋಲ್ಸ್ ಆನ್ ಮಾಡಿ, ಒಂದು ಪಿನ್ ಕೊಟ್ಟು, ಆ್ಯಪ್‌ಗಳ ಮಿತಿಯನ್ನು 7+ಕ್ಕೆ ನಿಲ್ಲಿಸಿ. ಇದು ಹೊಸ ಆ್ಯಪ್ ಹಾಕುವುದನ್ನು ತಡೆಯುತ್ತದೆಯೇ ಹೊರತು ಈಗಾಗಲೇ ಇರುವುದನ್ನು ತೆಗೆಯುವುದಿಲ್ಲ. ಸಣ್ಣ ಪಾವತಿಗೆಂದು ಹಣದ ಆ್ಯಪ್‌ನಲ್ಲೇ ತುಸು ದುಡ್ಡು ತುಂಬಿಸಿಡುವ ಯುಪಿಐ ಲೈಟ್ ಬಗ್ಗೆ ಎಚ್ಚರ ಬೇಕು. ಸಣ್ಣ ಮೊತ್ತಗಳಿಗೆ ಅದು ಪಿನ್ ಕೇಳುವುದೇ ಇಲ್ಲ. ಆಟದೊಳಗಿನ ಡೈಮಂಡ್, ಸ್ಕಿನ್‌ಗಳ ಬೆಲೆ ಇರುವುದೂ ಅಂಥ ಸಣ್ಣ ಮೊತ್ತದಲ್ಲೇ. ಮಕ್ಕಳು ಬಳಸುವ ಫೋನಿನಲ್ಲಿ ಯುಪಿಐ ಲೈಟ್‌ನ ಹಣವನ್ನು ಖಾತೆಗೆ ವಾಪಸ್ ಹಾಕಿಕೊಂಡು ಅದನ್ನು ನಿಲ್ಲಿಸುವುದು ಒಳ್ಳೆಯದು. ಇಷ್ಟಾದರೂ ಹಣ ಹೋದರೆ, ಪ್ಲೇ ಸ್ಟೋರ್ ಮೂಲಕ ಹೋದದ್ದಕ್ಕೆ 48 ಗಂಟೆಯೊಳಗೆ ಅಲ್ಲೇ ಮರುಪಾವತಿ ಕೇಳಿ. ವಂಚಕರು ಕಿತ್ತುಕೊಂಡಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೆಳಗಾಗಲಿ, ಬ್ಯಾಂಕಿಗೇ ಹೋಗಿ ಕೇಳೋಣ ಎಂದು ಕಾದರೆ ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ.

ಏನು ನೋಡಬಹುದು, ಎಷ್ಟು ನೋಡಬಹುದು

ದೊಡ್ಡವರ ಯೂಟ್ಯೂಬ್ ಆ್ಯಪನ್ನು ಮಗುವಿಗೆ ಕೊಡಬೇಡಿ. ಅದು ತೋರಿಸುವುದು ದೊಡ್ಡವರ ರುಚಿಯನ್ನು. ಯೂಟ್ಯೂಬ್ ಕಿಡ್ಸ್ ಹಾಕಿ. ಅದರಲ್ಲಿ 5ರಿಂದ 8, 9ರಿಂದ 12 ವರ್ಷದವರಿಗೆ ಬೇರೆ ಬೇರೆ ವಿಭಾಗಗಳಿವೆ, ಕಮೆಂಟುಗಳಿಲ್ಲ. ಒಂದರಿಂದ ಮೂರನೇ ಕ್ಲಾಸಿನವರಿಗಾದರೆ ನೀವು ಒಪ್ಪಿದ ಚಾನೆಲ್ ಮಾತ್ರ ಕಾಣುವ ಅಪ್ರೂವ್ಡ್ ಕಂಟೆಂಟ್ ಓನ್ಲಿ ಎಂಬುದನ್ನು ಆರಿಸಿ. ಎಂಟು ಹತ್ತು ಚಾನೆಲ್ ಸಾಕು. ಅದರಲ್ಲೇ ಸಮಯದ ಮಿತಿಯೂ ಇದೆ. ಕಾರ್ಟೂನ್ ಚಿತ್ರದ ಹೆಸರಲ್ಲಿ ಕೆಟ್ಟ ವಿಡಿಯೊ ನುಸುಳುವುದು ಯೂಟ್ಯೂಬ್ ಕಿಡ್ಸ್‌ನಲ್ಲೂ ಆಗಿದೆ, ಆದ್ದರಿಂದ ಫೋನನ್ನು ಸದ್ದಿಟ್ಟು ಕೊಡಿ, ಇಯರ್‌ಫೋನ್ ಬೇಡ. ಅಡುಗೆಮನೆಯಲ್ಲಿದ್ದರೂ ಏನು ಓಡುತ್ತಿದೆ ಎಂದು ಕಿವಿಗೆ ಬೀಳುತ್ತಿರಬೇಕು.

ಮಗುವನ್ನು ಆ ಒಂದು ಆ್ಯಪ್‌ನಲ್ಲೇ ನಿಲ್ಲಿಸಲು ಆ್ಯಪ್ ಪಿನ್ನಿಂಗ್ ಇದೆ, ಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ. ಸೆಟ್ಟಿಂಗ್ಸ್‌ನ ಸೆಕ್ಯೂರಿಟಿಯಲ್ಲಿ ಅದನ್ನು ಆನ್ ಮಾಡಿ, ಬಿಡಿಸುವಾಗ ಪಿನ್ ಕೇಳಬೇಕು ಎಂಬುದನ್ನೂ ಆನ್ ಮಾಡಿ. ಬೇಕಾದ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪಟ್ಟಿಗೆ ಹೋಗಿ, ಅದರ ಐಕಾನ್ ಒತ್ತಿ ಪಿನ್ ಎಂದು ಆರಿಸಿ. ಪಿನ್ ಕೇಳುವುದನ್ನು ಆನ್ ಮಾಡದೇ ಬಿಟ್ಟರೆ ಎರಡು ಗುಂಡಿ ಒಟ್ಟಿಗೆ ಒತ್ತಿ ಮಗು ಹೊರಗೆ ಬರುತ್ತದೆ. ಬಹುಪಾಲು ಮನೆಯವರು ತಪ್ಪುವುದು ಇಲ್ಲೇ.

ಪಾಠಕ್ಕೆಂದು ಫೋನ್ ಬೇಕಾದಾಗ ಇನ್ನೂ ಸುಲಭದ ದಾರಿಯಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇದೆ. ಪೇಟೆಗೆ ಹೋದಾಗಲೋ ಸಿಗ್ನಲ್ ಸಿಗುವ ದಿಬ್ಬದಲ್ಲೋ ದೀಕ್ಷಾ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿ, ಪಾಠ ಡೌನ್‌ಲೋಡ್ ಮಾಡಿಟ್ಟುಕೊಂಡು, ಮನೆಯಲ್ಲಿ ಡೇಟಾ ಆಫ್ ಮಾಡಿ ಕೊಡಿ. ಸಿಗ್ನಲ್ ಕಡಿಮೆ ಇರುವುದು ಇಲ್ಲಿ ನಮಗೆ ಅನುಕೂಲವೇ ಆಗುತ್ತದೆ.

ಹಳೆಯ ಫೋನೊಂದನ್ನು ಮಗುವಿಗೇ ಬಿಟ್ಟಿದ್ದರೆ ವಿಧಾನ ಬೇರೆ. ಸಿಮ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ಮಗುವಿನ ನಿಜವಾದ ಹುಟ್ಟಿದ ತಾರೀಖು ಕೊಟ್ಟು ಗೂಗಲ್ ಖಾತೆ ತೆರೆದು ಗೂಗಲ್‌ನದೇ ಫ್ಯಾಮಿಲಿ ಲಿಂಕ್ ಆ್ಯಪ್‌ನಲ್ಲಿ ನಿಮ್ಮ ಫೋನಿಗೆ ಜೋಡಿಸಿ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಬಂದ್, ಯಾವ ಆ್ಯಪ್ ಬೇಡ ಎಲ್ಲವನ್ನೂ ನಿಮ್ಮ ಫೋನಿನಿಂದಲೇ ನಿಗದಿ ಮಾಡಬಹುದು. ನೋಡಿದ್ದರ ಜಾಡು ಉಳಿಸದ ಕ್ರೋಮ್‌ನ ಇನ್‌ಕಾಗ್ನಿಟೊ ಅಂಥ ಖಾತೆಗೆ ಸಿಗುವುದಿಲ್ಲ. ನೀವು ಮಾಡಿದ ಬದಲಾವಣೆ ಮಗುವಿನ ಫೋನಿಗೆ ತಲುಪಲು ನೆಟ್ ಬೇಕು ಎಂಬುದು ನೆನಪಿರಲಿ. ತೋಟದಿಂದ ಕೂತು ಬಂದ್ ಮಾಡಿದೆ ಎಂದುಕೊಂಡರೂ ವೈಫೈ ಇಲ್ಲದ ಮನೆಯಲ್ಲಿ ಆಟ ನಡೆದೇ ಇರುತ್ತದೆ.

ಮನೆಗೆ ಫೈಬರ್ ಬಂದಿದ್ದರೆ ರೂಟರ್‌ನಲ್ಲೇ ಒಂದು ಜರಡಿ ಇಡಬಹುದು. ರೂಟರ್ ಹಿಂದಿನ ಚೀಟಿಯಲ್ಲಿರುವ ವಿಳಾಸ (ಸಾಮಾನ್ಯವಾಗಿ 192.168.1.1) ಬ್ರೌಸರ್‌ನಲ್ಲಿ ತೆರೆದು, ಡಿಎಚ್‌ಸಿಪಿ ಪುಟದಲ್ಲಿ ಡಿಎನ್‌ಎಸ್ ಎಂದಿರುವಲ್ಲಿ 1.1.1.3 ಮತ್ತು 1.0.0.3 ಬರೆದು ಉಳಿಸಿ, ರೂಟರ್ ಆಫ್ ಮಾಡಿ ಆನ್ ಮಾಡಿ. ಅಶ್ಲೀಲ ಜಾಲತಾಣಗಳನ್ನೂ ವೈರಸ್ ಹರಡುವ ತಾಣಗಳನ್ನೂ ತಡೆಯಲು ಕ್ಲೌಡ್‌ಫ್ಲೇರ್ ಉಚಿತವಾಗಿ ಕೊಡುವ ಸೇವೆ ಇದು. ಆ ಪುಟದ ಪಾಸ್‌ವರ್ಡನ್ನೂ ಬದಲಿಸಿ. ಕೆಲವು ರೂಟರ್‌ಗಳಲ್ಲಿ ಆ ಜಾಗ ಲಾಕ್ ಆಗಿರುತ್ತದೆ, ಕನೆಕ್ಷನ್ ಕೊಟ್ಟವರನ್ನೇ ಕೇಳಬೇಕು. ಸಿಡಿಲಿಗೆ ರೂಟರ್ ಸುಟ್ಟು ಹೊಸದು ಬಂದಾಗ, ರಿಪೇರಿಗೆ ಬಂದವರು ರೀಸೆಟ್ ಮಾಡಿದಾಗ ಈ ಅಂಕಿಗಳು ಅಳಿಸಿಹೋಗುತ್ತವೆ. ಪ್ರತಿ ಮಳೆಗಾಲ ಕಳೆದ ಮೇಲೆ ಒಮ್ಮೆ ನೋಡಿಕೊಳ್ಳಿ. ಯೂಟ್ಯೂಬ್, ಇನ್‌ಸ್ಟಾಗ್ರಾಂ ಒಳಗಿನದನ್ನು ಈ ಜರಡಿ ಮುಟ್ಟುವುದಿಲ್ಲ, ಸಿಮ್ ಡೇಟಾಕ್ಕೂ ಇದು ಅನ್ವಯಿಸುವುದಿಲ್ಲ.

ಮಗುವಿಗೆ ಹೇಳಬೇಕಾದ್ದು

ಉದ್ದದ ಪಟ್ಟಿ ಮಗುವಿನ ತಲೆಯಲ್ಲಿ ನಿಲ್ಲದು. ನಮ್ಮ ಪ್ರಕಾರ ಮೂರು ಮಾತು ಸಾಕು. ಮನೆಯ ಸುದ್ದಿ ಹೊರಗಿನವರಿಗೆ ಹೇಳಬಾರದು. ಫೋಟೊ ಕೇಳಿದರೆ ಕಳಿಸಬಾರದು. ‘ಅಪ್ಪ ಅಮ್ಮಂಗೆ ಹೇಳ್ಬೇಡ’ ಅಂದವರ ಮಾತನ್ನು ಮೊದಲು ಅಪ್ಪ ಅಮ್ಮನಿಗೇ ಹೇಳಬೇಕು. ಈ ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮಕ್ಕಳನ್ನು ದುರುಪಯೋಗಕ್ಕೆ ಎಳೆಯುವವರು ಮೊದಲು ಆಟದಲ್ಲಿ ಉಡುಗೊರೆ ಕೊಡುತ್ತಾರೆ, ಹೊಗಳುತ್ತಾರೆ, ಆಮೇಲೆ ಗುಟ್ಟು ಕಟ್ಟುತ್ತಾರೆ. ಆ ಗುಟ್ಟು ಒಡೆದರೆ ಅವರ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಮೊದಲನೆಯದಕ್ಕೆ ನಮ್ಮ ಕಡೆ ವಿಶೇಷ ಅರ್ಥವಿದೆ. ಮಲೆನಾಡಿನಲ್ಲಿ ಒಂಟಿಮನೆಗಳು ಹೆಚ್ಚು. ಫ್ರೀ ಫೈರ್ ಮ್ಯಾಕ್ಸ್‌ನಂಥ ಆಟಗಳಲ್ಲಿ ಮೈಕ್ ಆನ್ ಇದ್ದರೆ ‘ಅಪ್ಪ ಮಂಡಿಗೆ ಹೋಗಿದಾರೆ, ಮನೇಲಿ ನಾನು ಅಜ್ಜಿ ಇಬ್ರೇ’ ಎಂದು ಮಗು ಸಲೀಸಾಗಿ ಹೇಳಿಬಿಡುತ್ತದೆ. ಈ ವಯಸ್ಸಿಗೆ ಅಂಥ ಆಟವೇ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಟದ ಆ್ಯಪ್‌ಗಳಿಗೆ ಮೈಕ್ರೊಫೋನ್, ಕ್ಯಾಮೆರಾ, ಲೊಕೇಶನ್ ಅನುಮತಿ ಮೂರನ್ನೂ ತೆಗೆದುಬಿಡಿ.

ಸುಳ್ಳು ಸುದ್ದಿ ಗುರುತಿಸುವುದನ್ನು ಕಲಿಸಲು ಮಳೆ ರಜೆಗಿಂತ ಒಳ್ಳೆಯ ಪಾಠವಿಲ್ಲ. ‘ನಾಳೆ ಶಾಲೆಗೆ ರಜೆ, ಜಿಲ್ಲಾಧಿಕಾರಿ ಆದೇಶ’ ಎಂಬ ಮೆಸೇಜು ಬಂದಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ತಾರೀಖು ಯಾವುದು, ವರ್ಷ ಯಾವುದು, ನಮ್ಮ ತಾಲ್ಲೂಕಿನ ಹೆಸರಿದೆಯೇ, ಮೇಷ್ಟ್ರ ಗ್ರೂಪಿನಲ್ಲಿ ಬಂದಿದೆಯೇ. ಹಳೆಯ ವರ್ಷದ ಆದೇಶವೊಂದು ಸಿಕ್ಕಿದರೆ ಮಗು ಆ ಪರೀಕ್ಷೆಯನ್ನು ಮತ್ತೆ ಮರೆಯುವುದಿಲ್ಲ.

ಶಾಲೆಯಲ್ಲಿ

ಶಾಲೆಗಳಿಂದ ಹೆಚ್ಚು ಸೋರುವುದು ಫೋಟೊ ಮತ್ತು ದಾಖಲೆ. ಇಲಾಖೆಗೆ ಕಳಿಸಲು ಜಿಪಿಎಸ್ ಕ್ಯಾಮೆರಾ ಆ್ಯಪ್‌ನಲ್ಲಿ ತೆಗೆದ ಫೋಟೊದ ಮೇಲೆ ಊರು, ಅಕ್ಷಾಂಶ, ರೇಖಾಂಶ, ಸಮಯ ಎಲ್ಲ ಅಚ್ಚಾಗಿರುತ್ತದೆ. ಅದನ್ನೇ ಫೇಸ್‌ಬುಕ್‌ಗೂ ಹಾಕಿದರೆ ಮಕ್ಕಳ ಮುಖ, ಸಮವಸ್ತ್ರ, ಜಾಗ ಮೂರೂ ಒಟ್ಟಿಗೆ ಹೊರಬಿದ್ದಂತೆ. ಹಂಚಲು ಬೇರೆ ಫೋಟೊ ತೆಗೆಯಿರಿ, ದೂರದಿಂದ, ಗುಂಪಾಗಿ, ಹೆಸರಿಲ್ಲದೆ. ಬಹುಮಾನ ಗೆದ್ದ ಮಗುವಿನ ಹೆಸರು ಹಾಕಲೇಬೇಕೆಂದರೆ ಮನೆಯವರ ಒಪ್ಪಿಗೆ ಬರಹದಲ್ಲಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಜೂನ್‌ನಲ್ಲಿ ದಾಖಲಾತಿ ಹೊತ್ತಿಗೇ ಒಂದು ಪುಟದ ಒಪ್ಪಿಗೆ ಪತ್ರ ತೆಗೆದುಕೊಂಡು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿರ್ಣಯ ಬರೆದಿಟ್ಟರೆ ಆಮೇಲೆ ಗೊಂದಲವಿಲ್ಲ.

ವಿದ್ಯಾರ್ಥಿವೇತನಕ್ಕೆ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಫೋಟೊಗಳನ್ನು ತರಗತಿ ಗ್ರೂಪಿಗೆ ಹಾಕಿಸಿಕೊಳ್ಳಬೇಡಿ. ಶಿಕ್ಷಕರ ನಂಬರಿಗೆ ಬೇರೆಯಾಗಿ ತರಿಸಿಕೊಂಡು, ಕೆಲಸ ಮುಗಿದ ಮೇಲೆ ಎರಡೂ ಕಡೆ ಅಳಿಸಿ. ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಇಡಿ. ಸಾಧಾರಣ ಗ್ರೂಪಿನಲ್ಲಿ ಎಲ್ಲ ಅಮ್ಮಂದಿರ ನಂಬರು ಎಲ್ಲರಿಗೂ ಕಾಣುತ್ತದೆ, ವಾಟ್ಸ್ಆ್ಯಪ್ ಕಮ್ಯುನಿಟಿಯ ಪ್ರಕಟಣೆ ಗ್ರೂಪಿನಲ್ಲಾದರೆ ಕಾಣುವುದಿಲ್ಲ.

ಸ್ಮಾರ್ಟ್‌ಕ್ಲಾಸ್ ಟಿವಿಯಲ್ಲಿ ಮಕ್ಕಳ ಎದುರು ಯೂಟ್ಯೂಬ್ ಹುಡುಕಬೇಡಿ. ಹಿಂದಿನ ದಿನವೇ ಪೂರ್ತಿ ನೋಡಿ, ಡೌನ್‌ಲೋಡ್ ಮಾಡಿ, ಆಟೊಪ್ಲೇ ಆಫ್ ಮಾಡಿ. ಫೋನನ್ನೇ ಟಿವಿಗೆ ಜೋಡಿಸುವುದಾದರೆ ಡು ನಾಟ್ ಡಿಸ್ಟರ್ಬ್ ಹಾಕಿ, ಇಲ್ಲವಾದರೆ ನಿಮ್ಮ ಮನೆಯ ಮೆಸೇಜು ಇಡೀ ತರಗತಿ ಓದುತ್ತದೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಮಕ್ಕಳು ಕಂಪ್ಯೂಟರ್ ಬಳಸುತ್ತಿದ್ದರೆ ಪರದೆ ಮೇಲ್ವಿಚಾರಕರ ಕಡೆಗೆ ಮುಖ ಮಾಡಿರಲಿ. ಅಲ್ಲಿ ಏನು ಕೊರತೆಯಿದೆ ಎಂಬುದನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಲಿ.

ಏನಾದರೂ ಆಗಿದ್ದರೆ

ಮಗು ಬಂದು ಹೇಳಿದಾಗ ಮೊದಲು ಹೇಳಬೇಕಾದ್ದು: ‘ಹೇಳಿದ್ದು ಒಳ್ಳೇದಾಯ್ತು ಪುಟ್ಟಾ, ನಿಂದೇನೂ ತಪ್ಪಿಲ್ಲ.’ ಬೈದು ಫೋನ್ ಕಿತ್ತುಕೊಂಡರೆ ಎರಡನೇ ಸಲ ಮಗು ಹೇಳುವುದಿಲ್ಲ. ಫೋನ್ ನೋಡಿ ಬೆಚ್ಚುವುದು, ನೀವು ಹತ್ತಿರ ಬಂದಾಗ ಪರದೆ ಮುಚ್ಚುವುದು, ಊಟ, ನಿದ್ದೆ ಬಿಡುವುದು, ಶಾಲೆಗೆ ಹೋಗಲ್ಲವೆನ್ನುವುದು ಕಂಡರೆ ನೀವೇ ಮೆಲ್ಲಗೆ ಕೇಳಿ.

ಆಮೇಲೆ ಪುರಾವೆ. ಎದುರಿನವರ ಹೆಸರು, ನಂಬರು, ಖಾತೆಯ ಐಡಿ, ಲಿಂಕು, ದಿನ, ಹೊತ್ತು ಪುಸ್ತಕದಲ್ಲಿ ಬರೆದಿಡಿ, ಬೆದರಿಕೆಯ ಮಾತುಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ಮಗುವಿನ ನಗ್ನ ಚಿತ್ರವಿದ್ದರೆ ಅದನ್ನು ಮಾತ್ರ ನಕಲು ಮಾಡಬೇಡಿ, ‘ನೋಡಿ ಹೀಗಾಗಿದೆ’ ಎಂದು ಯಾರಿಗೂ ಕಳಿಸಬೇಡಿ. ಕಳಿಸುವುದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಅಡಿ ಅಪರಾಧ. ಚಾಟ್ ಅಳಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ, ಹಣ ಕೇಳಿದರೆ ಕೊಡಬೇಡಿ. ಕೊಟ್ಟವರಿಂದ ಮತ್ತೆ ಕೇಳುತ್ತಾರೆ.

ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತ. ತುರ್ತಿಗೆ 112. ದೂರನ್ನು ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ, ಹತ್ತಿರದ ಠಾಣೆಯಲ್ಲಿ ಅಥವಾ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಯಲ್ಲಿ ಕೊಡಬಹುದು. ಲೈಂಗಿಕ ದೌರ್ಜನ್ಯದ ವಿಷಯ ಶಿಕ್ಷಕರ ಕಿವಿಗೆ ಬಿದ್ದರೆ ಊರಲ್ಲೇ ಮಾತಾಡಿ ಮುಗಿಸುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಠಾಣೆಗೆ ಮಗುವನ್ನು ಕರೆದೊಯ್ಯಬೇಕಲ್ಲ ಎಂದು ಹಿಂಜರಿಯುವವರು ಇದನ್ನು ತಿಳಿದಿರಬೇಕು: ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಿದ್ದಷ್ಟೂ ಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗುವಿನ ಹೆಸರು, ಮನೆ, ಶಾಲೆ ಗುರುತಾಗುವಂಥ ಯಾವುದನ್ನೂ ಪತ್ರಿಕೆಯವರು ಪ್ರಕಟಿಸಬಾರದು. ಊರಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಯಾರಾದರೂ ಅದನ್ನು ಬರೆದರೆ ಅಡ್ಮಿನ್ ತಕ್ಷಣ ಅಳಿಸಿ, ಬರೆದವರ ವಿವರವನ್ನು ತನಿಖಾಧಿಕಾರಿಗೆ ತಿಳಿಸಲಿ.