ಸೂರ್ಯಕಾಂತಿ ತೆನೆಯ ಹತ್ತಿರದ ಫೋಟೊ: ಹೊಲಕ್ಕೆ ಇಳಿಯುವ ಮುನ್ನ

ಸೂರ್ಯಕಾಂತಿ ಹೊಲದಲ್ಲಿ ಕ್ಯಾಮೆರಾ ಹಿಡಿದವರ ಕಣ್ಣು ಮೊದಲು ಹಳದಿ ಎಸಳಿನ ಮೇಲೆ ಹೋಗುತ್ತದೆ. ಆದರೆ ಹತ್ತಿರದಿಂದ ತೆಗೆಯುವುದಾದರೆ ನಿಜವಾದ ಚೆಲುವು ಇರುವುದು ನಡುವಿನ ತಟ್ಟೆಯಲ್ಲಿ. ಎಸಳುಗಳು ಕಾಳು ಕಟ್ಟದ ಬರಡು ಹೂಗಳು, ಜೇನನ್ನು ಕರೆಯುವುದಷ್ಟೇ ಅವುಗಳ ಕೆಲಸ. ತಟ್ಟೆಯ ತುಂಬ ಕೊಳವೆಯಂಥ ನೂರಾರು ಪುಟ್ಟ ಹೂಗಳಿವೆ, ದೊಡ್ಡ ತೆನೆಯಲ್ಲಿ ಸಾವಿರವನ್ನೂ ದಾಟುತ್ತವೆ. ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳುತ್ತಾ ಹೋಗುವ ಇವು ಪೂರ್ತಿ ಅರಳಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು.

ಹಾಗಾಗಿ ಮೊದಲ ಕೆಲಸ ತೆನೆ ಆರಿಸುವುದು. ಅರಳಲು ಶುರುವಾಗಿ ಮೂರು-ನಾಲ್ಕು ದಿನವಾದ ತೆನೆ ಹುಡುಕಿ. ಅದರಲ್ಲಿ ಎಲ್ಲ ಹಂತವೂ ಒಟ್ಟಿಗೆ ಕಾಣುತ್ತದೆ. ಹೊರಸುತ್ತಿನಲ್ಲಿ ಬಾಡುತ್ತಿರುವ ಹೂಗಳು, ಅದರ ಒಳಗಿನ ಸುತ್ತಿನಲ್ಲಿ ಎರಡಾಗಿ ಸೀಳಿ ಹಿಂದಕ್ಕೆ ಸುರುಳಿಯಾದ ಶಲಾಕಾಗ್ರ (ಪರಾಗ ಹಿಡಿಯುವ ಹೆಣ್ಣು ಭಾಗದ ತುದಿ), ಇನ್ನೂ ಒಳಗೆ ಐದು ಹಲ್ಲಿನ ಹಳದಿ ಕೊಳವೆಯಿಂದ ಹೊರಚಾಚಿದ ಕಡುಕಂದು ಪರಾಗಕೋಶ, ಅದರ ತುದಿಯಲ್ಲಿ ಉಕ್ಕಿದ ಪರಾಗದ ಹುಡಿ. ನಟ್ಟನಡುವೆ ಇನ್ನೂ ಬಿಗಿದ ಹಸಿರು ಮೊಗ್ಗು. ಒಂದೊಂದು ಹೂವೂ ಮೊದಲು ಗಂಡು, ಮರುದಿನದ ಹೊತ್ತಿಗೆ ಹೆಣ್ಣು. ಆ ಬದಲಾವಣೆ ಒಂದೇ ಚೌಕಟ್ಟಿನಲ್ಲಿ ಸಿಗುವುದು ಈ ಮೂರು-ನಾಲ್ಕು ದಿನದಲ್ಲಿ ಮಾತ್ರ.

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಈ ಕೆಲಸಕ್ಕೆ ಹಿಂಗಾರಿ ಬೆಳೆಯೇ ಚೆಂದ. ಎರೆ ಹೊಲದಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿದ್ದು ಎರಡು ತಿಂಗಳ ಹೊತ್ತಿಗೆ, ಅಂದರೆ ನವೆಂಬರ್–ಡಿಸೆಂಬರ್‌ನಲ್ಲಿ ಹೂವಿಗೆ ಬರುತ್ತದೆ. ಮುಂಗಾರಿ ಹೂವಿಗೆ ಮೋಡದ ಮೆದು ಬೆಳಕು ಸಿಕ್ಕರೂ ಗಾಳಿ ಬಿಡುವುದಿಲ್ಲ, ಹತ್ತಿರದ ಫೋಟೊಗೆ ಗಾಳಿಗಿಂತ ದೊಡ್ಡ ಶತ್ರು ಇಲ್ಲ. ಡಿಸೆಂಬರ್‌ನಲ್ಲಿ 6.30ರಿಂದ 6.50ರ ನಡುವೆ ಹೊತ್ತು ಮೂಡುತ್ತದೆ. 7ಕ್ಕೆ ಹೊಲದಲ್ಲಿದ್ದರೆ ಗಾಳಿ ಏಳುವ ಮುನ್ನ ಎರಡು ತಾಸು ಸಿಗುತ್ತದೆ.

ಹೊಲದವರನ್ನು ಕೇಳಿಯೇ ಇಳಿಯಿರಿ. ಔಷಧ ಹೊಡೆದು ಎಷ್ಟು ದಿನವಾಯಿತು ಎಂದು ಆಗಲೇ ವಿಚಾರಿಸಿ, ನಿನ್ನೆ-ಮೊನ್ನೆ ಹೊಡೆದಿದ್ದರೆ ಬೇರೆ ಹೊಲ ನೋಡಿ. ಸಾಲಿನಿಂದ ಸಾಲಿಗೆ ಸಾಮಾನ್ಯವಾಗಿ 60 ಸೆಂ.ಮೀ. ಅಂತರ. ಟ್ರೈಪಾಡ್‌ನ ಮೂರೂ ಕಾಲು ಅಗಲಿಸಿದರೆ ಗಿಡಕ್ಕೆ ಬಡಿಯುತ್ತವೆ. ಎರಡು ಕಾಲನ್ನು ಸಾಲಿನುದ್ದಕ್ಕೆ, ಒಂದನ್ನು ಹಿಂದಕ್ಕೆ ಇಟ್ಟರೆ ನಿಲ್ಲುತ್ತದೆ. ನೀರು ಬಿಟ್ಟ ಎರೆ ಮಣ್ಣಿನಲ್ಲಿ ಕಾಲುಗಳು ಮೆಲ್ಲಗೆ ಇಳಿಯುತ್ತಲೇ ಇರುತ್ತವೆ, ಫೋಕಸ್ ಯಾಕೆ ತಪ್ಪುತ್ತಿದೆ ಎಂದು ತಿಳಿಯುವುದೇ ಇಲ್ಲ. ಪ್ರತಿ ಕಾಲಿನಡಿ ಒಂದು ಹಲಗೆ ಚೂರು ಇಡಿ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಎಲೆಯ ಸುಂಕು ಮೈ ಕೆರೆಯುತ್ತದೆ.

ಇನ್ನು ದಿಕ್ಕು. ಎಳೆ ಗಿಡ ಹಗಲಿಡೀ ಸೂರ್ಯನ ಹಿಂದೆ ತಿರುಗುತ್ತದೆ, ಬಲಿತು ಅರಳಿದ ತೆನೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಇದನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು. ಬೆಳಗ್ಗೆ ತಟ್ಟೆಗೆ ನೇರ ಬೆಳಕು, ಸಂಜೆ ಎಸಳಿನ ಹಿಂದಿನಿಂದ ಬೆಳಕು. ತಟ್ಟೆಯ ವಿವರ ಬೆಳಗ್ಗೆ ತೆಗೆಯಿರಿ. ಸಂಜೆ 5ರ ನಂತರ ಎಸಳಿನ ಗೆರೆ, ತೆನೆಯ ಹಿಂಬದಿಯ ಹಸಿರು ಎಲೆಯಂಥ ಸುತ್ತಿನ ಮೇಲಿನ ರೋಮ ಹೊಳೆಯುತ್ತವೆ. 9ರ ಬಿಸಿಲಿಗೆ ತಟ್ಟೆಯ ಕೊಳವೆಗಳ ನೆರಳು ಕಪ್ಪಾಗಿ ಬೀಳತೊಡಗುತ್ತದೆ, ಆಗ ಬಿಳಿ ಪಂಚೆಯ ತುಂಡನ್ನು ಸೂರ್ಯನಿಗೂ ತೆನೆಗೂ ನಡುವೆ ಹಿಡಿದರೆ ಸಾಕು.

ಲೆನ್ಸ್ 90ರಿಂದ 105 ಮಿ.ಮೀ. ಮ್ಯಾಕ್ರೊ ಆದರೆ ತೆನೆಯ ಮೇಲೆ ನಿಮ್ಮ ನೆರಳು ಬೀಳದಷ್ಟು ದೂರ ಸಿಗುತ್ತದೆ. ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ಅಳತೆಗೆ, ಅಂದರೆ ವಸ್ತು ಸೆನ್ಸರ್ ಮೇಲೆ ಅದರ ನಿಜ ಗಾತ್ರದಲ್ಲೇ ಬೀಳುವಂತೆ ತೆಗೆದರೆ ಚೌಕಟ್ಟಿಗೆ ಬರುವುದು 36 ಮಿ.ಮೀ. ಅಗಲ ಮಾತ್ರ. ಲೆನ್ಸಿನ ಕಿಂಡಿ ಎಫ್/8ರಲ್ಲಿದ್ದಾಗ ಸ್ಪಷ್ಟವಾಗಿ ನಿಲ್ಲುವ ಆಳ ಸುಮಾರು 1 ಮಿ.ಮೀ. ಅದೇ 1:2ಕ್ಕೆ, ಅಂದರೆ ಅರ್ಧ ಗಾತ್ರಕ್ಕೆ ಹಿಂದೆ ಸರಿದರೆ ಆಳ ಸುಮಾರು 3 ಮಿ.ಮೀ. ಆಗುತ್ತದೆ. ಹೊಸಬರು 1:2ರಿಂದಲೇ ಶುರು ಮಾಡಿ. ಆಳ ಬೇಕೆಂದು ಎಫ್/16, ಎಫ್/22ಕ್ಕೆ ಓಡಬೇಡಿ, ಇಷ್ಟು ಹತ್ತಿರದಲ್ಲಿ ವಿವರ್ತನೆಯಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮಬ್ಬಾಗುತ್ತದೆ. ಎಫ್/8ರಿಂದ ಎಫ್/11, ಶಟರ್ 1/250 ಅಥವಾ ಇನ್ನೂ ವೇಗ, ಐಎಸ್‌ಒ 400ರಿಂದ 800. ಫೋಕಸ್ ಕೈಯಿಂದಲೇ ಮಾಡಿ. ರಿಂಗನ್ನು ಒಂದು ಅಳತೆಗೆ ನಿಲ್ಲಿಸಿ, ಕ್ಯಾಮೆರಾವನ್ನೇ ಮುಂದೆ-ಹಿಂದೆ ಸರಿಸಿ. ಕ್ಯಾಮೆರಾದ ಬೆನ್ನು ತಟ್ಟೆಗೆ ಸಮಾನಾಂತರವಾಗಿರಲಿ, ಸ್ವಲ್ಪ ಓರೆಯಾದರೂ ಒಂದು ಕಡೆ ಮಸುಕು.

ತೆನೆ ಅಲ್ಲಾಡುತ್ತಿದ್ದರೆ ಬಿದಿರು ಕೋಲೊಂದನ್ನು ಗಿಡದ ಪಕ್ಕ ನೆಟ್ಟು ಮೆತ್ತನೆ ಬಟ್ಟೆಯಿಂದ ದಂಟಿಗೆ ಸಡಿಲವಾಗಿ ಕಟ್ಟಿ, ಮುಗಿದ ಮೇಲೆ ಬಿಚ್ಚಿ. ಗಾಳಿ ಪೂರ್ತಿ ನಿಂತಾಗ ಫೋಕಸ್ ಸ್ಟ್ಯಾಕಿಂಗ್, ಅಂದರೆ ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿ ತೆಗೆದ ಫ್ರೇಮ್ ಸೇರಿಸಿ ಒಂದೇ ಚಿತ್ರ ಮಾಡುವುದನ್ನು ಮಾಡಬಹುದು. ತಟ್ಟೆಯ ಏರುತಗ್ಗು 10 ಮಿ.ಮೀ. ಇದ್ದರೆ, 1:1ರಲ್ಲಿ ಅರ್ಧ ಅರ್ಧ ಮಿ.ಮೀ. ಸರಿಸುತ್ತಾ ಸುಮಾರು 20 ಫ್ರೇಮ್ ಬೇಕು.

ಹಳದಿ ಕೆಡುವುದು ಎಲ್ಲರಿಗೂ ಆಗುವ ತೊಂದರೆ. ನಡುವಿನ ಕಪ್ಪು ತಟ್ಟೆಯನ್ನು ನೋಡಿ ಮೀಟರ್ ಬೆಳಕು ಹೆಚ್ಚಿಸುತ್ತದೆ, ಎಸಳಿನ ಕೆಂಪು ಚಾನೆಲ್ ತುಂಬಿ ಚೆಲ್ಲಿ ಎಸಳು ಗೆರೆಯೇ ಇಲ್ಲದ ಹಳದಿ ಕಾಗದವಾಗುತ್ತದೆ. ಒಟ್ಟು ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಿದ್ದರೂ ನಂಬಬೇಡಿ, ಮೂರು ಬಣ್ಣದ ಹಿಸ್ಟೊಗ್ರಾಮ್‌ನಲ್ಲಿ ಕೆಂಪು ಬಲ ಅಂಚಿಗೆ ತಾಗಿದೆಯೇ ನೋಡಿ. ತಾಗಿದ್ದರೆ ಎಕ್ಸ್‌ಪೋಶರ್ −0.7ಕ್ಕೆ ಇಳಿಸಿ, ಕ್ಯಾಮೆರಾ ಸಂಸ್ಕರಿಸದ ರಾ ಫೈಲ್‌ನಲ್ಲೇ ತೆಗೆಯಿರಿ. ಆಟೊ ವೈಟ್ ಬ್ಯಾಲೆನ್ಸ್ ಇಷ್ಟು ಹಳದಿ ಕಂಡರೆ ನೀಲಿ ಬೆರೆಸಿಬಿಡುತ್ತದೆ, ಡೇಲೈಟ್‌ಗೆ ಕಟ್ಟಿಹಾಕಿ.

ಮೊಬೈಲ್‌ನ ಮ್ಯಾಕ್ರೊ ಮೋಡ್‌ಗೆ 3–4 ಸೆಂ.ಮೀ. ಹತ್ತಿರ ಹೋಗಬೇಕು, ಆಗ ಫೋನಿನ ನೆರಳೇ ತಟ್ಟೆಯನ್ನು ಮುಚ್ಚುತ್ತದೆ. ಮುಖ್ಯ ಕ್ಯಾಮೆರಾದಲ್ಲಿ 2x ಇಟ್ಟು, ಫೋಕಸ್ ಸಿಗುವಷ್ಟು ಹಿಂದೆ ಸರಿದು ತೆಗೆಯುವುದು ಮೇಲು. ಪರದೆಯನ್ನು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ.

ಜೇನು ಬೇಕೆಂದರೆ ಅದನ್ನು ಹಿಂಬಾಲಿಸಬೇಡಿ. ಅರಳಿದ ಸುತ್ತಿನ ಗುಂಟವೇ ಅದು ನಡೆಯುತ್ತದೆ. ಅದು ಬರುವ ಜಾಗಕ್ಕೆ ಫೋಕಸ್ ಇಟ್ಟು, 1/500ಕ್ಕೆ ಏರಿಸಿ ಕಾಯಿರಿ. ಇಬ್ಬನಿಯ ಹನಿ ಕಾಣಲೆಂದು ತಟ್ಟೆಗೆ ನೀರು ಚಿಮುಕಿಸುವ ರೂಢಿ ಕೆಲವರಿಗಿದೆ, ದಯವಿಟ್ಟು ಬೇಡ. ಒದ್ದೆಯಾದ ಪರಾಗ ಉಂಡೆಗಟ್ಟುತ್ತದೆ, ಪರಾಗ ಸರಿಯಾಗಿ ಕೂಡದಿದ್ದರೆ ರೈತರಿಗೆ ಕಾಳು ನಷ್ಟ.

ತಟ್ಟೆಯ ಸುರುಳಿಗಳನ್ನೇ ತೆಗೆಯಬೇಕೆಂದರೆ ಬಿಸಿಲು ತಟ್ಟೆಯನ್ನು ಓರೆಯಾಗಿ ಸವರುವಾಗ ತೆಗೆಯಿರಿ. ಎಡಕ್ಕೂ ಬಲಕ್ಕೂ ತಿರುಗುವ ಸಾಲುಗಳನ್ನು ಎಣಿಸಿದರೆ ಬಹುತೇಕ ತೆನೆಗಳಲ್ಲಿ 34 ಮತ್ತು 55, ದೊಡ್ಡದರಲ್ಲಿ 55 ಮತ್ತು 89 ಬರುತ್ತವೆ. ಒಂದೊಂದು ಹೂವೂ ಹಿಂದಿನದರಿಂದ ಸುಮಾರು 137.5 ಡಿಗ್ರಿ ತಿರುಗಿ ಹುಟ್ಟುವುದೇ ಇದಕ್ಕೆ ಕಾರಣ. ಎಣಿಸಬೇಕಾದರೆ ಇಡೀ ತಟ್ಟೆ ಚೌಕಟ್ಟಿನಲ್ಲಿರಬೇಕು, ಹಾಗಾಗಿ ಇಲ್ಲಿ 1:1 ಬಿಟ್ಟು ಹಿಂದೆ ಸರಿಯಿರಿ.

ಹೊಲದಿಂದ ಬಂದ ಮೇಲೆ ಲೆನ್ಸನ್ನು ಬಟ್ಟೆಯಿಂದ ಒರೆಸುವ ಮುನ್ನ ಬ್ಲೋವರ್‌ನಿಂದ ಊದಿ. ಸೂರ್ಯಕಾಂತಿ ಪರಾಗ ಜಿಗುಟು, ಹಾಗೆಯೇ ಒರೆಸಿದರೆ ಹಳದಿ ಜಿಡ್ಡು ಗಾಜಿನ ತುಂಬ ಹರಡುತ್ತದೆ, ಜೊತೆಗಿರುವ ಮಣ್ಣಿನ ಧೂಳು ಗೀರುತ್ತದೆ.