ನಿಮ್ಮ ಪ್ಯಾನ್ ಯಾವ ತೆರಿಗೆ ಅಧಿಕಾರಿಯ ವ್ಯಾಪ್ತಿಯಲ್ಲಿದೆ?
ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವವರು, ಸ್ವಂತ ಅಂಗಡಿ ಇಟ್ಟವರು, ದಯವಿಟ್ಟು ಇದನ್ನು ಓದಿ. ಸಂಬಳದಾರರಿಗಾದರೆ ಕಂಪನಿಯ ಲೆಕ್ಕಿಗರು ನೆರವಾಗುತ್ತಾರೆ; ನಮಗೆ ನಾವೇ ದಿಕ್ಕು.

ಬೆಂಗಳೂರಿನಲ್ಲಿದ್ದಾಗ ನಾನು ಪ್ಯಾನ್ ಮಾಡಿಸಿದ್ದೆ. ಊರಿಗೆ ಮರಳಿ ಆರು ವರ್ಷ ಕಳೆದರೂ ನನ್ನ ಕಡತ ಅಲ್ಲಿಯ ಅಧಿಕಾರಿಯ ಬಳಿಯೇ ಇತ್ತು. ಮನೆ ಬದಲಾದ ಮಾತ್ರಕ್ಕೆ ಕಡತ ಬದಲಾಗುವುದಿಲ್ಲ. ಇದು ತಿಳಿಯದೆ ಇಲ್ಲಿಯ ಕಚೇರಿಗೆ ಎರಡು ಬಾರಿ ಅಲೆದೆ.

ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಜಾಲತಾಣದ ಮುಖಪುಟದಲ್ಲಿ ‘ನೋ ಯುವರ್ ಎಒ’ ಎಂಬ ಕೊಂಡಿ ಇದೆ; ಎಒ ಎಂದರೆ ಅಸೆಸಿಂಗ್ ಆಫೀಸರ್, ನಿಮ್ಮ ತೆರಿಗೆ ಕಡತ ನೋಡುವ ಅಧಿಕಾರಿ. ಲಾಗಿನ್ ಬೇಕಿಲ್ಲ. ಪ್ಯಾನ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಒಟಿಪಿ ತುಂಬಿದರೆ ಆ ಅಧಿಕಾರಿಯನ್ನು ಗುರುತಿಸುವ ಏರಿಯಾ ಕೋಡ್, ಎಒ ಟೈಪ್, ರೇಂಜ್ ಕೋಡ್, ಎಒ ನಂಬರ್ ನಾಲ್ಕೂ ಕಾಣುತ್ತವೆ. ಕಚೇರಿಯ ಕಟ್ಟಡ, ಇಮೇಲ್ ಕೂಡ. ಬರೆದಿಟ್ಟುಕೊಳ್ಳಿ. ವಿವರ ಬೇರೆ ಊರಿನದಾಗಿದ್ದರೆ ಮೊದಲು ಪ್ಯಾನ್ ವಿಳಾಸ ತಿದ್ದಿಸಿ, ನಂತರ ಹಳೆಯ ಅಧಿಕಾರಿಗೇ ವರ್ಗಾವಣೆಯ ಅರ್ಜಿ ಬರೆಯಬೇಕು. ಹೊಸ ಕಚೇರಿಗಲ್ಲ, ಹಳೆಯದಕ್ಕೆ!

 

ನೋಟಿಸ್ ಬಂತೆಂದು ಯಾರಾದರೂ ಹೆದರಿಸಿದರೆ ಹಣ ಕೊಡಬೇಡಿ. ಅದರಲ್ಲಿರುವ ‘ಡಿನ್’ ಸಂಖ್ಯೆಯನ್ನು (ಇಲಾಖೆ ಪ್ರತಿ ಪತ್ರಕ್ಕೂ ಕೊಡುವ ಗುರುತಿನ ಸಂಖ್ಯೆ) ಅದೇ ಜಾಲತಾಣದಲ್ಲಿ ಹಾಕಿ, ನೋಟಿಸ್ ಅಸಲಿಯೇ ಎಂದು ಮೊದಲು ನೋಡಿ.